ಮಸ್ಕಿಗೆ ಕರೆದ ಅಪ್ಪ

18-7-2024, ಗುರುವಾರ
ಸಿಂಧನೂರು

ಇಲಾಖೆಯವರು ಹಾಸ್ಟೆಲಿಗೆ ಗ್ರಂಥಾಲಯ ಕೊಡುತ್ತೇವೆ ಎಂದರು, ಕೊಡಲಿಲ್ಲ. ಶುದ್ಧ ನೀರು ಎಂದರು, ಅದೂ ಇಲ್ಲ. ಕೇಳಲೆಂದೇ ಹುಡುಗಿಯರೆಲ್ಲ ಭಾನುವಾರ ಬೆಳಿಗ್ಗೆ ಗೇಟಿನ ಹತ್ತಿರ ಸಭೆ ಕರೆದಿದ್ದೇವೆ.

ಸಂಜೆ ಲಿಂಗಸುಗೂರಿನಿಂದ ಅಪ್ಪನ ಫೋನು. "ಯವ್ವಾ, ಐತವಾರ ಎಲ್ಲಾರೂ ಮಸ್ಕಿಗೆ ಹೋಗೂಣು. ಅಶೋಕನ ಶಾಸನ ನೋಡೂಣು. ಚಿತ್ರ ತಗಿಯಾಕ ಪೆನ್ಸಿಲು ತಗೊಂಬಾ."

ಮೂರು ವರ್ಷ ನಾನು ಗೋಗರೆದಾಗ ಅಪ್ಪನಿಗೆ ರಜೆಯೇ ಇರಲಿಲ್ಲ.

"ಈ ವಾರ ಆಗಂಗಿಲ್ಲಪ್ಪ, ಕೆಲಸ ಐತಿ."

"ನೀ ಇಲ್ಲಂದ್ರೂ ಮೀಟಿಂಗು ನಡೀತೈತಿ, ಬಿಡು."

ಸಭೆಯ ಮಾತನ್ನು ನಾನು ಎತ್ತಿರಲೇ ಇಲ್ಲ! ವಾರ್ಡನ್ನೇ ಫೋನು ಮಾಡಿರಬೇಕು. ಅವಳು ಹೆದರಿಸಿದಳೋ, ಅಪ್ಪ ತಾನಾಗಿಯೇ ಹೆದರಿದನೋ? ಪ್ರತಿ ಅಂಬೇಡ್ಕರ್ ಜಯಂತಿಗೆ ವೇದಿಕೆ ಹತ್ತಿ ಗುಡುಗುವ ಅಪ್ಪ. ಅವನನ್ನೇ ಅನುಮಾನಿಸಬೇಕಾಯಿತಲ್ಲ ಎಂದು ಮೈ ಉರಿಯುತ್ತಿದೆ.

ಈಗಷ್ಟೇ ಮೆಸೇಜ್ ಹಾಕಿದೆ: ನೀನೂ ಬಾ ಅಪ್ಪ. ಐತವಾರ, ಮುಂಜಾನೆ ಹತ್ತಕ್ಕ, ಹಾಸ್ಟೆಲ್ ಗೇಟಿಗೆ.