ಮಾಕಳಿಯ ಮಹಾಂತಮ್ಮನ ಕೌದಿ

ಮಾಕಳಿ
ರವಿವಾರ, ೯ ನವೆಂಬರ್ ೨೦೨೫

ಪ್ರೀತಿಯ ಸವಿತಾಗೆ,

ನಿನ್ನ ಗಂಡ ಹನುಮೇಶನ ನಮಸ್ಕಾರ. ಗಂಡನಾದವನು ಹೆಂಡತಿಗೆ ನಮಸ್ಕಾರ ಬರೆಯಬಾರದು ಅಂತ ಯಾವ ಕಾನೂನೂ ಇಲ್ಲ. ಫೋನಿನಲ್ಲಿ ನನ್ನ ನಂಬರನ್ನು ಬ್ಲಾಕ್ ಮಾಡಿದ್ದೀ. ಕಾಗದವನ್ನು ಬ್ಲಾಕ್ ಮಾಡುವ ಗುಂಡಿಯನ್ನು ಪುಣ್ಯಕ್ಕೆ ಇನ್ನೂ ಯಾರೂ ಕಂಡುಹಿಡಿದಿಲ್ಲ. ಹರಿದು ಒಲೆಗೆ ಹಾಕುವುದಾದರೂ ಪೂರ್ತಿ ಓದಿ ಆಮೇಲೆ ಹಾಕು.

ನಿನ್ನ ವಿಡಿಯೋಗಳನ್ನು ನಾನು ನೋಡುತ್ತೇನೆ, ಮೊದಲು ಅದನ್ನೇ ಹೇಳಿಬಿಡುತ್ತೇನೆ. ಯುಗಾದಿಗೆಂದು ಕುಷ್ಟಗಿಗೆ, ತವರಿಗೆ ಹೋದವಳು ವಾಪಸು ಬರಲಿಲ್ಲ. ಅಲ್ಲಿಂದಲೇ ‘ಮನೆಯಲ್ಲೇ ಹೊಲಿಗೆ’ ಅಂತ ಯೂಟ್ಯೂಬಿನಲ್ಲಿ ಚಾನೆಲ್ ಶುರು ಮಾಡಿದೆ. ನನಗೆ ಗೊತ್ತೇ ಇರಲಿಲ್ಲ. ನಮ್ಮ ಫ್ಯಾಕ್ಟರಿಯ ಈರೇಶ್ ಕ್ಯಾಂಟೀನಿನಲ್ಲಿ ಫೋನ್ ಹಿಡಿದುಕೊಂಡು ಬಂದು, ‘ಲೇ ಹನುಮ್ಯಾ, ಇದು ನಮ್ಮ ವೈನಿ ಧ್ವನಿ ಅಲ್ಲೇನೋ?’ ಅಂದ. ಮುಖ ಕಾಣುತ್ತಿರಲಿಲ್ಲ, ಬಟ್ಟೆಯ ಮೇಲೆ ಎರಡು ಕೈ ಮಾತ್ರ. ನನಗೆ ಕೈಯೇ ಸಾಕಾಯಿತು. ತಟ್ಟೆಯಲ್ಲಿದ್ದ ಅನ್ನ ಬಿಟ್ಟು ಎದ್ದು ಹೋದೆ. ಸಾರು ಚೆನ್ನಾಗಿಲ್ಲ ಅಂತ ಈರೇಶನಿಗೆ ಸುಳ್ಳು ಹೇಳಿದೆ.

ನಿನ್ನ ಧ್ವನಿ ಕೇಳಬೇಕೆಂದರೆ ಸೂಜಿ ದಾರದ ಮಾತು ಕೇಳಲೇಬೇಕಲ್ಲ. ಕೇಳುತ್ತ ಕೇಳುತ್ತ ಕಲಿತೇಬಿಟ್ಟೆ. ದಾರದ ತುದಿಯನ್ನು ಓರೆಯಾಗಿ ಕತ್ತರಿಸಿದರೆ ಸೂಜಿಯ ಕಣ್ಣಿಗೆ ಸಲೀಸಾಗಿ ಹೋಗುತ್ತದೆ. ಆಸೆಪಟ್ಟು ಉದ್ದ ದಾರ ತೆಗೆದುಕೊಂಡರೆ ಗಂಟು ಬೀಳುತ್ತದೆ. ಅದನ್ನು ಮೇಣದಬತ್ತಿಗೆ ಒಮ್ಮೆ ತೀಡಿದರೆ ಸಿಕ್ಕಾಗುವುದಿಲ್ಲ. ದಪ್ಪ ಬಟ್ಟೆಯಲ್ಲಿ ಸೂಜಿ ಸಿಕ್ಕಿಕೊಂಡರೆ ಒಣ ಸೋಪಿಗೆ ಚುಚ್ಚಿ ತೆಗೆಯಬೇಕು. ಚುಚ್ಚು ಅಂತ ನೀನಂದೆ, ನಾನು ಚುಚ್ಚಿದೆ. ತೆಗೆಯುವುದನ್ನು ಮರೆತೆ. ಬೆಳಿಗ್ಗೆ ಸ್ನಾನಕ್ಕೆ ಅದೇ ಸೋಪು! ಎಲ್ಲಿ ಚುಚ್ಚಿತು ಅಂತ ಬರೆಯುವುದಿಲ್ಲ. ಸ್ನಾನದ ಸೋಪು ಬೇಡ ಅಂತ ಮುಂದಿನ ವಿಡಿಯೋದಲ್ಲಿ ಒಂದು ಮಾತು ಸೇರಿಸು, ಜನಕ್ಕೆ ಉಪಕಾರವಾಗುತ್ತದೆ.

ಬರೀ ಕೇಳಿದರೆ ಏನು ಬಂತು ಅಂತ, ಹೊದೆಯಲೊಂದು ಕೌದಿ ಹೊಲಿಯುವುದಕ್ಕೇ ಕೈ ಹಾಕಿದೆ. ಹೊಸ ಬಟ್ಟೆ ಬೇಡ, ಉಟ್ಟು ಉಟ್ಟು ಮೆತ್ತಗಾದದ್ದೇ ಬೇಕು, ಅದೂ ಮನೆಯವರದ್ದೇ ಆಗಬೇಕು ಅಂತ ನೀನು ಹೇಳಿದ್ದೀ. ಟ್ರಂಕಿನಲ್ಲಿ ನೀನು ಬಿಟ್ಟುಹೋದ ಸೀರೆಗಳಿದ್ದವು. ಕತ್ತರಿ ಹಿಡಿದು ಕುಳಿತೆ, ಕೈ ಮುಂದೆ ಹೋಗಲಿಲ್ಲ. ಕತ್ತರಿಸಿದರೆ ನೀನಿನ್ನು ಉಡಲು ಬರುವುದಿಲ್ಲ ಅಂತ ನಾನೇ ಒಪ್ಪಿಕೊಂಡ ಹಾಗೆ ಅಲ್ಲವೇ? ಕೊನೆಗೆ, ಇಸ್ತ್ರಿಯಲ್ಲಿ ಸುಟ್ಟು ನೀನೇ ಬೇಡವೆಂದಿದ್ದ ಗಿಣಿಹಸಿರು ಸೀರೆಯೊಂದನ್ನೇ ಕತ್ತರಿಸಿದೆ. ಜೊತೆಗೆ ನನ್ನ ಹಳೆಯ ಫ್ಯಾಕ್ಟರಿ ಶರ್ಟುಗಳು. ಉಳಿದ ಸೀರೆಗಳನ್ನು ಬಿಸಿಲಿಗೆ ಹಾಕಿ, ಮಡಚಿ ಇಟ್ಟಿದ್ದೇನೆ.

ಹೊಲಿಯತೊಡಗಿದರೆ ನಡುವೆ ಎಲ್ಲ ಸುಕ್ಕು. ಯಾರನ್ನು ಕೇಳಲಿ? ಸಂಶಯವಿದ್ದರೆ ವಾಟ್ಸಾಪ್ ಮಾಡಿ ಅಂತ ನೀನು ಲೋಕಕ್ಕೆಲ್ಲ ನಂಬರ್ ಕೊಟ್ಟಿದ್ದೀ, ನನಗೊಬ್ಬನಿಗೆ ಬಾಗಿಲು ಹಾಕಿದ್ದೀ. ಅದಕ್ಕೆ ಒಂದು ಕೆಲಸ ಮಾಡಿದೆ, ಬೈಯಬೇಡ. ಹೊಸ ಸಿಮ್ ಹಾಕಿಸಿದೆ. ನಿನಗೆ ದಿನಾ ಏನಾದರೊಂದು ಟೈಪ್ ಮಾಡಿ ಕೇಳುತ್ತಾಳಲ್ಲ, ಮಾಕಳಿಯ ಮಹಾಂತಮ್ಮ, ಅವಳು ನಾನೇ.

ನೀನು ಅವಳಿಗೆ ಮಾತಿನಲ್ಲೇ, ವಾಯ್ಸ್ ಮೆಸೇಜ್ ಮಾಡಿ ಉತ್ತರ ಕಳಿಸಿದೆ. ‘ಮಹಾಂತಮ್ಮಾರ, ನಡುವಿನಿಂದ ಸುರು ಮಾಡ್ರಿ. ಉದ್ದುದ್ದ ಕಚ್ಚಾ ಹೊಲಿಗಿ ಹಾಕ್ಕೋತ ಹೊರಗ ಬರ್ರಿ. ಅವಸರ ಮಾಡಬ್ಯಾಡ್ರಿ, ಬರ್ತೈತಿ ನಿಮಗ.’ ಎಷ್ಟು ಅಕ್ಕರೆಯಿಂದ ಹೇಳಿದೆ ಮಾರಾಯ್ತಿ! ನನಗೆ ಆ ಮಹಾಂತಮ್ಮನ ಮೇಲೆ ಹೊಟ್ಟೆಕಿಚ್ಚಾಯಿತು. ಆದರೂ ಅದನ್ನೇ ಮತ್ತೆ ಮತ್ತೆ ಹಾಕಿಕೊಂಡು ಕೇಳುತ್ತೇನೆ. ಬಸ್ಸಿನಲ್ಲಿ ಕೇಳುತ್ತ, ಮಾಕಳಿಯಲ್ಲಿ ಇಳಿಯುವುದನ್ನೇ ಮರೆತು ನೆಲಮಂಗಲದವರೆಗೂ ಹೋಗಿಬಿಟ್ಟಿದ್ದೇನೆ.

ಹೋಗುವ ಹೊತ್ತಿನಲ್ಲಿ ನೀನು ಅಂದಿದ್ದೆ, ‘ಕೌದಿ ಹಾಸಾಕ ಜಾಗ ಇಲ್ಲದ ಖೋಲ್ಯಾಗ ನಾ ಇರಾಂಗಿಲ್ಲ’ ಅಂತ. ಅದೊಂದು ನೆಪ ಅಂದುಕೊಂಡಿದ್ದೆ. ಈಗ ನಾನೇ ಹಾಸಿ ಕುಳಿತರೆ ಒಂದು ಮೂಲೆ ಗ್ಯಾಸ್ ಒಲೆಯ ಕೆಳಗೆ, ಇನ್ನೊಂದು ಮೂಲೆ ಮಂಚದ ಕಾಲಿಗೆ. ಸಿಟ್ಟು ಬಂದು ಮಂಚವನ್ನು ಯಾರಿಗೋ ಕೊಟ್ಟುಬಿಟ್ಟೆ. ಮನೆ ಓನರ್ ಕೃಷ್ಣಪ್ಪನವರು ಇಣುಕಿ ನೋಡಿ, ‘ಏನ್ ಗುರು, ನೆಲದ್ಮೇಲೆ ಮಲಗ್ತೀಯಾ? ಸನ್ಯಾಸಿ ಆಗ್ಬಿಟ್ಯಾ?’ ಅಂದರು. ‘ಇಲ್ಲ ಸಾರ್, ಸಂಸಾರ ಮಾಡೋಣಾಂತ’ ಅಂದೆ. ಅವರು ನಕ್ಕು, ಮಹಡಿ ಮೇಲಿನ ದೊಡ್ಡ ರೂಮು ಖಾಲಿಯಾದರೆ ನಮಗೇ ಕೊಡುತ್ತೇನೆ ಅಂದಿದ್ದಾರೆ. ಅಲ್ಲಿಯವರೆಗೆ ಈ ಖೋಲಿಯಲ್ಲಿ ನಿನ್ನ ಹೊಲಿಗೆ ಮಿಷನ್ ಇಡಲೂ ಜಾಗವಿದೆ, ಕೌದಿ ಹಾಸಲೂ ಜಾಗವಿದೆ.

ಇಷ್ಟೆಲ್ಲ ಮಹಾಂತಮ್ಮನ ಕೈಲಿ ಹೇಳಿಸಲು ಆಗುವುದಿಲ್ಲ. ಮೇಲಾಗಿ ಕಳೆದ ವಾರ ಒಂದು ದಡ್ಡತನ ಮಾಡಿದೆ. ಹೊಗಳಿಸಿಕೊಳ್ಳುವ ಆಸೆಗೆ ಬಿದ್ದು ಕೌದಿಯ ಫೋಟೋ ಕಳಿಸಿದೆ. ಕಳಿಸಿದ ಮೇಲೆ ಹೊಳೆಯಿತು, ನಟ್ಟನಡುವೆ ನಿನ್ನ ಗಿಣಿಹಸಿರು ಸೀರೆ ಕೂತಿದೆ! ಎರಡು ನೀಲಿ ಗೆರೆ ಬಿದ್ದವು, ನೀನು ನೋಡಿದೆ. ಅವತ್ತಿನಿಂದ ಒಂದು ಮಾತಿಲ್ಲ. ಈ ನಂಬರೂ ಹೋಯಿತು, ಇನ್ನು ಆ ಧ್ವನಿಯೂ ಇಲ್ಲ ಅಂತ ಜೀವ ಹಾರಿಹೋಗಿದೆ. ಅದಕ್ಕೇ ಈ ಕಾಗದ.

ಸವಿತಾ, ನೀನಿಲ್ಲದೆ ನನಗೆ ಆಗುವುದಿಲ್ಲ. ಇದನ್ನು ಇದಕ್ಕಿಂತ ಚೆಂದ ಮಾಡಿ ಬರೆಯಲು ನನಗೆ ಬರುವುದಿಲ್ಲ. ಬೈಯುವುದಿದ್ದರೆ ಇಲ್ಲಿಗೇ ಬಂದು ಬೈಯಿ. ಅಲ್ಲಿಗೇ ಬಾ ಅಂದರೆ ಲೀವ್ ಹಾಕಿ ಬರುತ್ತೇನೆ. ಅತ್ತೆಯವರಿಗೆ ನಮಸ್ಕಾರ ತಿಳಿಸು.

ಇನ್ನೂ ನಿನ್ನವನೇ ಆದ,
ಹನುಮೇಶ

ತಾ.ಕ.: ಲಕೋಟೆಗೆ ಅಂಟು ಹಚ್ಚುತ್ತಿದ್ದೆ. ಹೊಸ ಸಿಮ್ಮಿಗೆ ನಿನ್ನ ಮಾತು ಬಂತು. ಹಾಗೇ ಬರೆಯುತ್ತೇನೆ: ‘ಮಹಾಂತಮ್ಮಾರ, ಫೋಟೋ ನೋಡೀನಿ. ಹೊಲಿಗಿ ಸೊಟ್ಟ ಐತಿ, ಇರಲಿ. ಅಂಚು ಮಾತ್ರ ಈಗ ಕಟ್ಟಬ್ಯಾಡ್ರಿ. ಅದಕ್ಕ ಇಬ್ಬರು ಬೇಕು, ಒಬ್ಬರು ಜಗ್ಗಿ ಹಿಡೀಬೇಕು, ಒಬ್ಬರು ಹೊಲೀಬೇಕು. ನಾ ಬರೂತನಕ ತಡೀರಿ.’ ಆಮೇಲೆ, ‘ಮತ್ತ, ನಿಮ್ಮ ಮನಿಯವರು ಹೊತ್ತಿಗೆ ಸರಿಯಾಗಿ ಉಣ್ತಾರಿಲ್ಲೋ?’ ಅಂದೆ. ಮಹಾಂತಮ್ಮ ನೆಲದ ಮೇಲೆ ಕುಳಿತು ಅಳುತ್ತಿದ್ದಾಳೆ. ಅವಳ ಮನೆಯವರು ಇನ್ನೂ ಉಂಡಿಲ್ಲ.