ಗೆರೆಯ ಕೆಳಗಿನ ಅರ್ಧ

ಪಂಪ್‌ಹೌಸ್ ಹಿಂದಿನ ಮನೆ,
ಹನ್ನೊಂದನೇ ತಾರೀಕು, ಗುರುವಾರ ಮಧ್ಯಾಹ್ನ

ಪ್ರೀತಿಯ ನಿಧಾನಪ್ಪಾ,

ಹೇಗಿದ್ದೀಯೋ? ಮೊಣಕಾಲು ಈಗಲೂ ನೋಯುತ್ತದೆಯಾ? ಎಣ್ಣೆ ಹಚ್ಚುತ್ತೀಯೋ, ಇಲ್ಲಾ ನಾಳೆ ಹಚ್ಚಿದರಾಯಿತು ಅಂತ ಸೀಸೆಯನ್ನು ಕಿಟಕಿಯಲ್ಲಿಟ್ಟು ಅದರ ಮುಖ ನೋಡುತ್ತ ಕೂತಿದ್ದೀಯೋ? ನಾನು ಚೆನ್ನಾಗಿದ್ದೇನೆ. ಚೆನ್ನಾಗಿಲ್ಲದಿದ್ದರೂ ಯಾರಿಗೆ ಹೇಳಲಿ. ಎಡಗಿವಿ ಪೂರ್ತಿ ಹೋಯಿತು, ಬಲಗಿವಿ ತನಗೆ ಬೇಕಾದ್ದನ್ನಷ್ಟೇ ಕೇಳುತ್ತದೆ. ಮೂವತ್ತು ವರ್ಷ ಮೋಟಾರಿನ ಪಕ್ಕ ಕೂತವಳಿಗೆ ಇನ್ನೇನಾಗಬೇಕು. ನಿನ್ನ ವಿಳಾಸ ಕೊಟ್ಟವನು ಲಾರಿ ಮೆಕ್ಯಾನಿಕ್. ನೀನು ಯಾವುದೋ ಗೋದಾಮಿನ ಗೇಟಿನಲ್ಲಿ ಕೂರುತ್ತೀಯಂತೆ, ಒಬ್ಬರ ಜೊತೆಗೂ ಮಾತಿಲ್ಲವಂತೆ. ಹದಿನಾಲ್ಕು ವರ್ಷ ಆಯಿತಲ್ಲೋ. ನಾನು ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳು, ಕಾಗದ ಬರೆದು ಅಭ್ಯಾಸವಿಲ್ಲ. ತಪ್ಪಿದ್ದರೆ ತಿದ್ದಿಕೊ. ಪ್ರತಿ ಹಾಳೆಯ ನಡುವೆ ಗೆರೆ ಎಳೆದು ಮೇಲಿನ ಅರ್ಧದಲ್ಲಿ ಮಾತ್ರ ಬರೆದಿರುವುದನ್ನು ನೋಡಿ ನಗಬೇಡ. ಗೆರೆ ಇಲ್ಲದಿದ್ದರೆ ನಿನಗೆ ಏನು ಹೇಳಲೂ ನನ್ನ ಕೈ ಓಡುವುದಿಲ್ಲ.

ಮೊನ್ನೆ ಸೋಮವಾರ ಕಚೇರಿಯ ಹೊಸ ಎಂಜಿನಿಯರ್ ಹುಡುಗಿ ಮನೆಗೆ ಬಂದಿದ್ದಳು. ನಮ್ಮ ಎರಡೂ ಹಳೆಯ ಕಂಪ್ಯೂಟರುಗಳನ್ನು ತೆಗೆದುಹಾಕುತ್ತಾರಂತೆ. "ಅಮ್ಮಾ, ಆ ಕಪ್ಪು ಪರದೇಲಿ ನೀವು ಹೇಗೆ ಮಾತಾಡ್ತಿದ್ರಿ, ಕಳಚೋ ಮುಂಚೆ ಒಂದ್ಸಲ ತೋರಿಸಿ" ಅಂದಳು. ನನಗೇನು ಬೇರೆ ಕೆಲಸವಿಲ್ಲವಾ ಅಂತ ಬೈದು, ಚಪ್ಪಲಿ ಮೆಟ್ಟಿ ಅವಳಿಗಿಂತ ಮುಂಚೆ ಬಾಗಿಲು ದಾಟಿದೆ. ಎಲ್ಲ ಹಾಗೇ ಇದೆ ಕಣೋ. ಗ್ರೀಸ್ ಹಿಡಿದ ಕುರ್ಚಿ, ಗಾಜು ಸೀಳಿದ ಒತ್ತಡದ ಮೀಟರು, ನಾನು ಪ್ಲಾಸ್ಟಿಕ್ ಹೊದಿಸಿದ್ದ ಕೀಲಿಮಣೆ. ಅವಳಿಗೆ ಎಲ್ಲ ಹೇಳಿದೆ. ಕೆಳಗೆ ಮೋಟಾರು ಹಾಕುವವಳು ನಾನು, ಗುಡ್ಡದ ಮೇಲೆ ಟ್ಯಾಂಕಿನ ವಾಲ್ವು ನೋಡುವವನು ನೀನು. ಆ ಸದ್ದಿನಲ್ಲಿ ಫೋನು ಕೇಳುವುದಿಲ್ಲ ಅಂತ ಆಗಿನ ಎಂಜಿನಿಯರು ಇದನ್ನು ಹಾಕಿಕೊಟ್ಟಿದ್ದರು. ಚಿತ್ರವಿಲ್ಲ, ಬಣ್ಣವಿಲ್ಲ. ಕರೆಯುವ ಕಮಾಂಡಿನ ಮುಂದೆ ನಿನ್ನ ಹೆಸರು ಕುಟ್ಟಿದರೆ ಪರದೆ ನಡುವೆ ಗೆರೆ ಬಿದ್ದು ಎರಡಾಗುತ್ತಿತ್ತು. ಮೇಲೆ ನನ್ನ ಮಾತು, ಕೆಳಗೆ ನಿನ್ನದು, ನಮ್ಮ ಮಾತನ್ನೇ ಇಂಗ್ಲಿಷ್ ಅಕ್ಷರದಲ್ಲಿ.

ಹುಡುಗಿಗೆ ಬೆರಗಾದದ್ದು ಬೇರೆ. ಈಗಿನ ಫೋನಿನಲ್ಲಿ ಬರೆದು ಮುಗಿಸಿ ಕಳಿಸಿದ್ದು ಮಾತ್ರ ಕಾಣುತ್ತದೆ. ಇದರಲ್ಲಿ ಕುಟ್ಟುತ್ತಿದ್ದಂತೆ ಒಂದೊಂದೇ ಅಕ್ಷರ ಬರುತ್ತದೆ, ಅಳಿಸಿದರೆ ಅಳಿಸಿಹೋಗುವುದೂ ಕಾಣುತ್ತದೆ. ಮನುಷ್ಯ ಹೇಳಬೇಕೆಂದಿದ್ದು, ಬೇಡವೆಂದು ನುಂಗಿದ್ದು, ಎರಡೂ ಎದುರಿನವರ ಕಣ್ಣಿಗೆ ಬೀಳುತ್ತದೆ. ನಿನ್ನ ಒಂದು ಸಾಲು ಮುಗಿಯುವಷ್ಟರಲ್ಲಿ ನನ್ನ ಟೀ ಆರಿ ತಣ್ಣಗಾಗುತ್ತಿತ್ತು, ಬೇಗ ಕುಟ್ಟೋ ಕತ್ತೆ ಅಂತ ಪರದೆಗೇ ಗದರುತ್ತಿದ್ದೆ. ನಿನ್ನ ನೆಪಗಳೋ, ಒಂದು ದಿನ ವಾಲ್ವಿನ ಹಿಡಿ ಜಾಮ್, ಇನ್ನೊಂದು ದಿನ ರಿಪೇರಿಗೆ ಅಂತ ವಾಲ್ವಿನ ಗುಂಡಿಯಲ್ಲಿ ಫಿಟ್ಟರಣ್ಣ ಇದ್ದಾರೆ. ಅಸಲಿಗೆ ನೀನು ಆಗಷ್ಟೇ ಎದ್ದು ಮುಖ ತೊಳೆಯುತ್ತಿರುತ್ತಿದ್ದೆ. ಇದನ್ನು ಹೇಳಿ ಹುಡುಗಿಯನ್ನು ನಗಿಸಿದೆ. ನನಗೂ ನಗು ಬಂತು, ಅರ್ಧಕ್ಕೇ ನಿಂತಿತು.

ಆಮೇಲೆ ನಿನ್ನ ಹೆಸರು ಕುಟ್ಟಿದೆ. ಗುಡ್ಡದ ಮೇಲಿನ ನಿನ್ನ ವಾಲ್ವು ಮನೆಗೆ ಬೀಗ ಹಾಕಿ ಆರು ವರ್ಷವಾಯಿತು, ನೀರಿನ ಮಟ್ಟ ಅಳೆಯಲು ಕಂಪ್ಯೂಟರ್ ಮಾತ್ರ ಆನ್ ಇದೆ ಅಂತ ಹುಡುಗಿ ಹೇಳಿದ್ದಳು. ಎದುರಿನವರನ್ನು ಕರೆಯುತ್ತಿದ್ದೇನೆ ಅಂತ ಒಂದು ಸಾಲು ಬಂತು. ಮತ್ತೆ ಕರೆಯುತ್ತಿದ್ದೇನೆ ಅಂತ ಇನ್ನೊಂದು. ಮತ್ತೆ, ಮತ್ತೆ. ಏಳನೇ ಸಲಕ್ಕೆ ಕೆಳಗಿನ ಅರ್ಧ ತೆರೆದುಕೊಂಡಿತು. ಹುಡುಗಿ ತಲೆಯೆತ್ತದೆ, "ಹಳೇದಲ್ವಾ ಅಮ್ಮಾ, ಯಾವುದೋ ಕನೆಕ್ಷನ್ ಸಿಕ್ಕಿಹಾಕಿಕೊಂಡಿರುತ್ತೆ" ಅಂದಳು. ಇರಬಹುದು. ನಾನು ದೆವ್ವಕ್ಕೆ ಹೆದರುವವಳಲ್ಲ, ದೆವ್ವ ಬಂದರೆ ಅದೇ ನನ್ನ ಬಾಯಿಗೆ ಹೆದರಿ ಓಡಬೇಕು. ಆದರೆ ಆ ಕರ್ಸರು ಮಿನುಗುತ್ತ ನಿಂತಿತ್ತು, ಏನೋ ಹೇಳಲು ಹೊರಟು ನೀನು ತಡವರಿಸಿ ನಿಲ್ಲುತ್ತಿದ್ದೆಯಲ್ಲ, ಥೇಟ್ ಹಾಗೆ. ಒಂದು ಅಕ್ಷರ ಬಂತು, ಅಳಿಸಿಹೋಯಿತು. ಯಾವ ಅಕ್ಷರವೋ ಹೇಳಲಾರೆ. ಹುಡುಗಿ ಆಗ ಫೋನು ನೋಡುತ್ತಿದ್ದಳು. ಅವತ್ತಿನಿಂದ ಊಟದ ತಟ್ಟೆ, ಗೋಡೆ, ಕಿಟಕಿ, ಏನು ನೋಡಿದರೂ ನಡುವೆ ಗೆರೆ ಬೀಳುತ್ತದೆ, ಕೆಳಗಿನ ಅರ್ಧ ಖಾಲಿ.

ಹದಿನಾಲ್ಕು ವರ್ಷದ ಹಿಂದೆ, ಆ ದಿನ, ಅಂಥ ಖಾಲಿ ಇರಲಿಲ್ಲ. ನಮ್ಮಿಬ್ಬರನ್ನೂ ಕೈಹಿಡಿದು ಕೆಲಸಕ್ಕೆ ಸೇರಿಸಿದ ಫಿಟ್ಟರಣ್ಣ ಅವತ್ತು ಬೆಳಿಗ್ಗೆ ಟ್ಯಾಂಕಿನ ಗುಂಡಿಗಿಳಿದು ವಾಲ್ವು ಬಿಚ್ಚಿ ಕೂತಿದ್ದರು. ನಾನು ಮೋಟಾರು ಹಾಕಿ ಬೇರಿಂಗಿಗೆ ಎಣ್ಣೆ ಬಿಡಲು ತಿರುಗಿಕೊಂಡೆ. ವಾಪಸು ಬಂದಾಗ ನಿನ್ನ ಅರ್ಧದ ತುಂಬ ನಿಲ್ಲಿಸು, ನಿಲ್ಲಿಸು, ನಿಲ್ಲಿಸು. ತಳಕ್ಕೆ ಮುಟ್ಟಿ ಮತ್ತೆ ಮೇಲಿನಿಂದ ಶುರುವಾಗಿ, ಹಳೆಯ ಸಾಲಿನ ಮೇಲೇ ಹೊಸ ಸಾಲು. ಮೋಟಾರು ನಿಲ್ಲಿಸುವಷ್ಟರಲ್ಲಿ ನೀರು ಮೇಲೆ ಹೋಗಿ, ಬಿಚ್ಚಿದ ವಾಲ್ವಿನಿಂದ ನುಗ್ಗಿ ಗುಂಡಿ ತುಂಬಿಯಾಗಿತ್ತು. ನೀನು ಗುಂಡಿಗೆ ಹಾರಿ ಮೊಣಕಾಲು ಒಡೆದುಕೊಂಡೆ, ಅಣ್ಣ ಸಿಕ್ಕರು, ಉಸಿರು ಸಿಗಲಿಲ್ಲ. ವಿಚಾರಣೆಯಲ್ಲಿ ನಾನು ಹೇಳಿದೆ, ಹಿಂದಿನ ನಲ್ಲಿಗೆ ಹೋಗಿ ಬಂದೆ, ಪರದೆಯಲ್ಲಿ ಏನೂ ಇರಲಿಲ್ಲ, ಹೊತ್ತಾಗಿತ್ತು ಅಂತ ಸ್ವಿಚ್ ಹಾಕಿದೆ. ಪರದೆಯಲ್ಲಿ ಉಳಿದದ್ದೂ ನಿಲ್ಲಿಸು ಒಂದೇ. ಮೋಟಾರು ಹಾಕೋ ಮುಂಚೆ ಯಾಕೆ ತಿಳಿಸಲಿಲ್ಲ ಅಂತ ನಿನ್ನನ್ನು ಕೇಳಿದರು. ನೀನು ನನ್ನ ಮುಖ ನೋಡಿದೆ. ಬಹಳ ಹೊತ್ತು ನೋಡಿದೆ. ಆಮೇಲೆ "ತಡ ಆಯ್ತು ಸಾರ್" ಅಂದೆ, ಅಷ್ಟೇ. ನಿಧಾನಪ್ಪ ಅಂತಲೇ ಹೆಸರಾದವನ ಮಾತನ್ನು ಯಾರು ನಂಬುವುದಿಲ್ಲ? ಅಣ್ಣನ ಹೆಂಡತಿ, ನಮ್ಮ ಅತ್ತಿಗೆ, ಅಣ್ಣನ ಒದ್ದೆ ಬೂಟುಗಳನ್ನು ತಂದು ನಿನ್ನ ಬಾಗಿಲಿಗೆ ಎಸೆದರು. ಮಾರನೇ ದಿನ ನೀನು ಬಸ್ಸು ಹತ್ತಿದೆ. ಅತ್ತಿಗೆ ಇವತ್ತಿಗೂ ನನ್ನ ಜೊತೆ ಕೂತು ಬಟ್ಟೆ ಮಡಚುತ್ತಾರೆ. "ನಿನ್ನ ತಮ್ಮ ಮಾಡಿದ್ದಕ್ಕೆ ನೀನೇನು ಮಾಡ್ತೀಯಾ ತಾಯಿ" ಅಂತ ನನ್ನ ಕೈ ಹಿಡಿದುಕೊಳ್ಳುತ್ತಾರೆ. ಆ ಕೈಯನ್ನು ಮನೆಗೆ ಬಂದು ತೊಳೆಯುತ್ತೇನೆ. ಹೋಗುವುದಿಲ್ಲ.

ಸಾಕು. ಗೇಟಿನಲ್ಲಿ ಗಾಳಿಗೆ ಕೂರಬೇಡ, ಹೊತ್ತಿಗೆ ಸರಿಯಾಗಿ ಉಣ್ಣು, ಎಣ್ಣೆ ಹಚ್ಚಿಕೊ. ನನ್ನ ಆಯಸ್ಸಿನಲ್ಲಿ ಉಳಿದದ್ದು ನಿನಗೆ ಸೇರಲಿ.

ನಿನ್ನ ಸಿಡುಕಿ ಅಕ್ಕ

ಮರೆತ ಮಾತು: ಮರೆತದ್ದಲ್ಲ, ಹದಿನಾಲ್ಕು ವರ್ಷದಲ್ಲಿ ಒಂದು ದಿನವೂ ಮರೆತಿಲ್ಲ. ನಾನು ನಲ್ಲಿಗೆ ಹೋಗಿರಲಿಲ್ಲ. ಕುರ್ಚಿಯಲ್ಲೇ ಇದ್ದೆ. "ಹತ್ತು ನಿಮಿಷ ತಡಿ ಅಕ್ಕಾ, ಫಿಟ್ಟರಣ್ಣ ಇನ್ನೂ ಗುಂಡೀಲಿದಾರೆ" ಅಂತ ನೀನು ಕುಟ್ಟಿದ್ದನ್ನು ಕೊನೆಯ ಅಕ್ಷರದವರೆಗೂ ಓದಿದೆ. ಆ ವಾರ ಅದೇ ನೆಪ ಮೂರು ಸಲ ಹೇಳಿದ್ದೆ ನೀನು. "ನಿನ್ನ ಸುಳ್ಳು ನನಗೆ ಗೊತ್ತಿಲ್ವಾ" ಅಂತ ಕುಟ್ಟಿದೆ, ಇರಲಿ ಪಾಪ ಅಂತ ಅಳಿಸಿದೆ, ಸ್ವಿಚ್ ಹಾಕಿದೆ. ಅಳಿಸಿದ್ದು ನಿನಗೆ ಕಂಡಿತ್ತು. ನಾನು ಓದಿದ್ದೆ ಅಂತ ನಿನಗೆ ಗೊತ್ತಿತ್ತು. ಅದಕ್ಕೇ ಅವತ್ತು ನನ್ನ ಮುಖ ನೋಡಿದ್ದು, ಅಲ್ಲವೇನೋ? ಮೊನ್ನೆ ಸೋಮವಾರ, ಅವತ್ತು ಅಳಿಸಿದ್ದ ಅದೇ ಮಾತನ್ನು ಮತ್ತೆ ಕುಟ್ಟಿದೆ, ಈ ಸಲ ಅಳಿಸಲಿಲ್ಲ. ಏನಮ್ಮಾ ಇದು ಅಂತ ಹುಡುಗಿ ಕೇಳಿದಳು, ಹೇಳಿದೆ. ನಿನ್ನೆ ಕಚೇರಿಗೂ ಬರೆದು ರುಜು ಹಾಕಿ ಕೊಟ್ಟೆ. ಏನು ಮಾಡುತ್ತಾರೋ ಮಾಡಲಿ. ಈಗ ಇದನ್ನು ಅಂಚೆ ಡಬ್ಬಿಗೆ ಹಾಕಿ ಅತ್ತಿಗೆಯ ಮನೆಗೆ ಹೋಗುತ್ತಿದ್ದೇನೆ. ಹಾಳೆಗಳ ಕೆಳಗಿನ ಅರ್ಧ ನಿನಗೇ ಬಿಟ್ಟಿದ್ದೇನೆ. ಬೈದು ಬರೆ, ಎಷ್ಟು ನಿಧಾನವಾದರೂ ಸರಿ. ಬರೆದದ್ದನ್ನು ಅಳಿಸಬೇಡ.