ತಮ್ಮನ ಪೀಠವೇರಿದ ಯಜಮಾನರು

ಮಾನ್ಯ ಸ್ಮಾರಕಾಧಿಕಾರಿಗಳೇ,

ನನ್ನ ಯಜಮಾನರು ಬದುಕಿದ್ದಾರೆ. ಇದನ್ನು ಬರೆಯುವಾಗ ಪಕ್ಕದಲ್ಲೇ ಕೂತು ಚಹಾ ಆರಿಹೋಯಿತೆಂದು ಗೊಣಗುತ್ತಿದ್ದಾರೆ. ಆದರೂ ನೀವು ಅವರನ್ನು ಕಂಚಿನಲ್ಲಿ ಎರಕ ಹೊಯ್ದು, ಯುದ್ಧದಲ್ಲಿ ಮಡಿದ ನನ್ನ ತಮ್ಮನ ಹೆಸರಿನ ಪೀಠದ ಮೇಲೆ ಊರ ಚೌಕದಲ್ಲಿ ನಿಲ್ಲಿಸಿದ್ದೀರಿ.

ತಪ್ಪು ಹೇಗಾಯಿತೆಂದು ಕೇಳಿಸಿಕೊಳ್ಳುವ ತಾಳ್ಮೆ ನಿಮಗಿಲ್ಲ; ಮೂರು ಸಲ ನಿಮ್ಮ ಕಚೇರಿಗೆ ಬಂದು ನೋಡಿದ್ದೇನೆ. ಆದ್ದರಿಂದ ಈ ಬಹಿರಂಗ ಪತ್ರದಲ್ಲಿ ಊರಿಗೇ ಹೇಳುತ್ತೇನೆ. ನನ್ನ ತಮ್ಮ ಸೈನ್ಯ ಸೇರುವ ಮೊದಲು ನಲ್ಲಿ ರಿಪೇರಿ ಮಾಡುತ್ತಿದ್ದವ. ಕೊನೆಯ ರಜೆಗೆ ಬಂದಾಗ ನಮ್ಮ ಅಡುಗೆಮನೆಯ ಪೈಪು ಒಡೆದು ಮನೆಯೆಲ್ಲ ಕೆರೆ. ಯೂನಿಫಾರ್ಮ್ ನೆನೆಯಬಾರದೆಂದು ಬಿಚ್ಚಿಟ್ಟು, ಬನಿಯನ್ನಿನಲ್ಲೇ ಸಿಂಕಿನಡಿ ನುಗ್ಗಿದ. ನಮ್ಮ ಯಜಮಾನರು ಬೇಕರಿಯವರು. ಚಪ್ಪಟೆ ಪಾದವೆಂದು ಸೈನ್ಯ ಒಮ್ಮೆ ಇವರನ್ನು ಬಾಗಿಲಲ್ಲೇ ವಾಪಸು ಕಳಿಸಿತ್ತು. ಯೂನಿಫಾರ್ಮ್ ಕೈಗೆ ಸಿಕ್ಕಿದ್ದೇ ತಡ, ಏರಿಸಿಕೊಂಡು ಎದೆಯುಬ್ಬಿಸಿ ನಿಂತರು. ಹೊಟ್ಟೆಯ ಹತ್ತಿರದ ಗುಂಡಿ ಜೀವ ಕೈಯಲ್ಲಿ ಹಿಡಿದು ನಿಂತಿತ್ತು. "ಭಾವ, ಉಸಿರು ಬಿಡ್ಬೇಡಿ, ಗುಂಡಿ ಹಾರಿ ಯಾರಿಗಾದ್ರೂ ತಗಲೀತು!" ಎಂದು ತಮ್ಮ ಸ್ಪಾನರ್ ಹಿಡಿದೇ ಬಿದ್ದು ಬಿದ್ದು ನಕ್ಕ. ಪಕ್ಕದ ಮನೆಯವರು ಆಗ ಇಬ್ಬರದೂ ಒಂದು ಫೋಟೋ ತೆಗೆದರು.

ಪ್ರತಿಮೆಗಾಗಿ ನೀವು ಕೊಟ್ಟ ಅರ್ಜಿ ನಮೂನೆಯಲ್ಲಿ "ಯೂನಿಫಾರ್ಮ್ ಇರುವ ಭಾವಚಿತ್ರ ಕಡ್ಡಾಯ" ಎಂದಿತ್ತು. ನಮ್ಮ ಮನೆಯಲ್ಲಿ ಯೂನಿಫಾರ್ಮ್ ಇರುವ ಫೋಟೋ ಅದೊಂದೇ. "ಬನಿಯನ್ನಿನಲ್ಲಿ ನಗುತ್ತಿರುವವನೇ ನನ್ನ ತಮ್ಮ" ಎಂದು ಫೋಟೋದ ಹಿಂಬದಿಯಲ್ಲಿ ಬರೆದು ಕೊಟ್ಟೆ. ಫೋಟೋ ತಿರುಗಿಸಿ ನೋಡುವುದು ಬೇರೆ ವಿಭಾಗದ ಕೆಲಸವೇನೋ! ನಿಮ್ಮ ಗುಮಾಸ್ತರು ನನಗೇ ಪಾಠ ಹೇಳಿದರು: "ಯೂನಿಫಾರ್ಮ್ ಹಾಕಿರೋನೇ ಸೈನಿಕ ಅಲ್ವೇನಮ್ಮಾ? ಬನಿಯನ್ ಹಾಕಿರೋನಿಗೆ ಯಾರು ಪ್ರತಿಮೆ ಮಾಡ್ತಾರೆ?"

ನೀವು ಅವರಿಗಿಂತ ದೊಡ್ಡವರು, ದೊಡ್ಡ ಮಾತನ್ನೇ ಆಡಿದಿರಿ: "ಅನಾವರಣ ಆಗಿಹೋಯ್ತು. ಐದು ವರ್ಷ ಕಳೆದ್ರೆ ಮುಖ ಯಾರಿಗ್ರೀ ನೆನಪಿರುತ್ತೆ?" ಹೌದು ಸ್ವಾಮಿ, ಯಾರಿಗೂ ನೆನಪಿರುವುದಿಲ್ಲ. ಪ್ರತಿಮೆ ಮಾಡಿಸುವುದು ಅದಕ್ಕೇ ಅಲ್ಲವೇ? ಅವನ ದೇಹವೂ ನಮಗೆ ಸಿಗಲಿಲ್ಲ. ಮರಳಿ ಬರಬೇಕಿದ್ದದ್ದು ಆ ಮುಖವೊಂದೇ. ಅದನ್ನೂ ಅದಲುಬದಲು ಮಾಡಿದಿರಿ.

ಇತ್ತ ಯಜಮಾನರ ಪಾಡು ನಾಯಿಪಾಡು. ಬ್ರೆಡ್ಡಿನ ಬುಟ್ಟಿ ಹೊತ್ತು ಚೌಕ ದಾಟಿದರೆ ಶಾಲೆಯ ಮಕ್ಕಳು ಸೆಲ್ಯೂಟ್ ಹೊಡೆಯುತ್ತವೆ. ಕಳೆದ ವಾರ ಒಬ್ಬ ಅಜ್ಜಿ ಇವರನ್ನು ಕಂಡು ದೆವ್ವವೆಂದು ಕಿಟಾರನೆ ಕಿರುಚಿಕೊಂಡರು. ಈಗ ಹಿಂದಿನ ಓಣಿಯಲ್ಲೇ ತಲೆ ತಗ್ಗಿಸಿ ಓಡಾಡುತ್ತಾರೆ.

ನನ್ನ ತಮ್ಮನ ಮಗಳಿಗೀಗ ಆರು ವರ್ಷ. ಅವನು ಹೋದಾಗ ತೊಟ್ಟಿಲ ಕೂಸು. ಮೊನ್ನೆ ನನ್ನ ಕಣ್ಣು ತಪ್ಪಿಸಿ ಪೀಠದ ಹತ್ತಿರ ಓಡಿದಳು. ಅಪ್ಪನ ಹೆಸರನ್ನು ಅಕ್ಷರ ಕೂಡಿಸಿ ಓದಿ, ತಲೆಯೆತ್ತಿ ಮುಖ ನೋಡಿದಳು.

"ಅತ್ತೆ, ಇದು ಮಾವ ಅಲ್ವಾ?"

"ಹೌದು ಪುಟ್ಟಾ, ಆಫೀಸಿನೋರು ತಪ್ಪು ಮಾಡಿದಾರೆ" ಎಂದೆ.

ಅವಳ ಮುಖ ಅರಳಿತು. "ಹಾಗಾದ್ರೆ ಅಪ್ಪ ಸತ್ತೋದ್ರು ಅಂತ ಹೇಳಿದ್ದೂ ಇದೇ ಆಫೀಸಿನೋರಾ?"

ಅಂದಿನಿಂದ ಅವಳು ಬಾಗಿಲು ಕಾಯುತ್ತಿದ್ದಾಳೆ. ನೀವು ಆ ಪ್ರತಿಮೆ ಇಳಿಸಿ, ಬನಿಯನ್ನಿನಲ್ಲಿ ನಗುವ ನನ್ನ ತಮ್ಮನನ್ನು ಅಲ್ಲಿ ನಿಲ್ಲಿಸಬೇಕು. ಅದಕ್ಕೂ ಮೊದಲು ಖುದ್ದಾಗಿ ನಮ್ಮ ಮನೆಗೆ ಬಂದು ಅವಳ ಪ್ರಶ್ನೆಗೆ ಉತ್ತರ ಹೇಳಬೇಕು. ನನ್ನಿಂದ ಆಗುತ್ತಿಲ್ಲ.

ಇಂತಿ,
ಮನೆಯಲ್ಲೊಬ್ಬ, ಚೌಕದಲ್ಲೊಬ್ಬ ಗಂಡನಿದ್ದೂ
ಇದ್ದೊಬ್ಬ ತಮ್ಮನಿಲ್ಲದ ಅಕ್ಕ, ಬಟ್ಟೆ ಹೊಲಿಯುವವಳು